ಮುಖಕ್ಕೊಂದು ಮನೆಯೆಣ್ಣೆ



ಇಂದಿನ ಭಾಷಣದ ವಿಷಯ ಬಹು ಚಿಕ್ಕದು. ಮುಖಕ್ಕೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಅದು. ಇದೂ ಒಂದು ಭಾಷಣಕ್ಕೆ ತಕ್ಕ ವಿಷಯವೇ ಎಂದು ಕೆಲವರು ನಗಬಹುದು. ಆದರೆ ಸಂಸಾರಗಳಲ್ಲಿ ಹಣ ಪೋಲಾಗುವುದೂ, ಮೈ ಕೆಡುವುದೂ, ಮನಸ್ಸು ಕುಗ್ಗುವುದೂ ಬಹುಮಟ್ಟಿಗೆ ಇಂಥ ಚಿಕ್ಕ ವಿಷಯಗಳಲ್ಲಿಯೇ. ದೊಡ್ಡ ವಿಷಯಗಳಲ್ಲಿ ಹತ್ತು ಜನರನ್ನು ಕೇಳಿ ನಡೆಯುತ್ತೇವೆ. ಚಿಕ್ಕ ವಿಷಯಗಳಲ್ಲಿ ಯಾರನ್ನೂ ಕೇಳುವುದಿಲ್ಲ. ಆದುದರಿಂದ ಈ ಹೊತ್ತು ಸ್ವಲ್ಪ ಸಾವಧಾನವಾಗಿ ಕೇಳಬೇಕೆಂದು ಪ್ರಾರ್ಥನೆ.

ಸಂಸ್ಕೃತದಲ್ಲಿ ಎಣ್ಣೆಗೆ 'ಸ್ನೇಹ' ಎಂಬ ಹೆಸರೂ ಉಂಟು. ಒಲವಿಗೂ ಅದೇ ಹೆಸರು. ಒಣಗಿದುದನ್ನು ಮೆತ್ತಗೆ ಮಾಡುವುದು, ಬಿರುಕು ಬಿಟ್ಟುದನ್ನು ಕೂಡಿಸುವುದು ಎರಡರ ಗುಣವೂ ಹೌದು. ಈ ಗುಣದ ಬೆಲೆಯನ್ನು ಬೀದರ ಸೀಮೆಯವರು ಅರಿತಷ್ಟು ಕರಾವಳಿಯವರು ಅರಿಯಲಾರರು. ಬೀದರ ಪಟ್ಟಣವು ಸಮುದ್ರಮಟ್ಟದಿಂದ 2000 ಅಡಿಗೂ ಎತ್ತರದಲ್ಲಿರುವ ಕೆಮ್ಮಣ್ಣಿನ, ಜಂಬುಮಟ್ಟಿಯ ಕಲ್ಲಿನ ದಿಣ್ಣೆಯ ಮೇಲೆ ಇದೆ. ಅಲ್ಲಿಂದ ಇಳಿದು ಭಾಲ್ಕಿಯ ಕಡೆಗೋ ಔರಾದದ ಕಡೆಗೋ ಹೊರಟರೆ ಮಂಜೀರಾ ನದಿಯ ಆಸುಪಾಸಿನ ಎರೆಯ ಹೊಲಗಳು ಹರಡಿಕೊಂಡಿವೆ. ದೀಪಾವಳಿ ಕಳೆಯಿತೆಂದರೆ ಗಾಳಿಯ ತೇವ ಆರುತ್ತದೆ. ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಶಾಖವು ಹತ್ತು ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ತೊಗರಿಯ ಕೊಯ್ಲು ಬರುವುದೂ ಆಗಲೇ. ಬೆಳಗಿನ ಚಳಿಯಲ್ಲಿ ಹೊಲಕ್ಕೆ ಇಳಿದು, ಮಧ್ಯಾಹ್ನದ ಬಿಸಿಲಿನಲ್ಲಿ ಬಾಗಿ ಕೊಯ್ದು, ಸಂಜೆಯ ಒಣಗಾಳಿಗೆ ಮುಖವೊಡ್ಡಿ ಮನೆಗೆ ಬರುವ ಹೆಣ್ಣುಮಕ್ಕಳ ತುಟಿಯೂ ಕೆನ್ನೆಯೂ ಒಡೆಯದೆ ಇನ್ನೇನಾದೀತು? ಅವರಿಗೆ ಮುಖದ ಎಣ್ಣೆಯು ಶೃಂಗಾರದ ಸಾಮಗ್ರಿಯಲ್ಲ. ಕಾಲಿಗೆ ಚಪ್ಪಲಿ ಹೇಗೋ ಹಾಗೆ, ಅವಶ್ಯಕವಾದ ಒಂದು ಕಾಪು.

ಈ ನೆಲಕ್ಕೆ ಬೇಕಾದ ಎಣ್ಣೆಯನ್ನು ಈ ನೆಲವೇ ಬೆಳೆದುಕೊಟ್ಟಿದೆ. ಎಳ್ಳು, ಕುಸುಬೆ, ಅಗಸೆ, ಔಡಲ, ಈ ನಾಲ್ಕೂ ಇಲ್ಲಿನ ಹಳೆಯ ಬೆಳೆಗಳು. ಕುಸುಬೆಯನ್ನು ಮರಾಠಿ ಮಾತಿನ ಮನೆಗಳಲ್ಲಿ 'ಕರಡಿ' ಎನ್ನುತ್ತಾರೆ. ಔರಾದದಲ್ಲಿ ಯಾರಾದರೂ ಹೊಲದಲ್ಲಿ ಕರಡಿಯಿದೆ ಎಂದರೆ ಗಾಬರಿಪಡಬೇಕಾದುದಿಲ್ಲ. ಹಿಂಗಾರಿನಲ್ಲಿ ಬಿತ್ತಿದ ಈ ಗಿಡವು ಆಳಕ್ಕೆ ಬೇರಿಳಿಸಿ, ಎರೆಮಣ್ಣು ಹಿಡಿದಿಟ್ಟ ತೇವವನ್ನೇ ಉಂಡು, ಮಳೆಯಿಲ್ಲದೆ ಬೆಳೆಯುತ್ತದೆ. ಮೈಯೆಲ್ಲ ಮುಳ್ಳು. ದನಗಳು ಒಳಕ್ಕೆ ನುಗ್ಗದಿರಲೆಂದು ಜೋಳದ ಹೊಲದ ಅಂಚಿಗೆ ಇದನ್ನು ಸಾಲಾಗಿ ಬಿತ್ತುವ ರೂಢಿ ಬಂದುದು ಅದರಿಂದಲೇ. ಕೊಯ್ಯುವವರು ಇಬ್ಬನಿ ಆರುವ ಮೊದಲೇ ಹೊಲಕ್ಕೆ ಹೋಗುತ್ತಾರೆ. ತೇವಕ್ಕೆ ಮುಳ್ಳು ಮೆತ್ತಗಾಗಿರುತ್ತದೆ. ಇಷ್ಟೊಂದು ಮುಳ್ಳಿನ ಗಿಡದ ಬೀಜದಲ್ಲಿ ಮೃದುತ್ವದ ಮೂಲವಿರುವುದು ಸೃಷ್ಟಿಯ ಒಂದು ವಿನೋದ. ಈಚಿನ ದಶಕಗಳಲ್ಲಿ ಸೋಯಾ ಅವರೆಯು ಈ ಜಿಲ್ಲೆಯನ್ನು ಬಹುವಾಗಿ ಆವರಿಸಿ, ಕುಸುಬೆಯೂ ಅಗಸೆಯೂ ಹಿಂದೆ ಸರಿದಿವೆ. ಆದರೂ ಮನೆಯ ಮಟ್ಟಿಗೆ ನಾಲ್ಕು ಸಾಲು ಬಿತ್ತುವವರು ಇಲ್ಲದಿಲ್ಲ.

ಬೀಜದಿಂದ ಎಣ್ಣೆ ತೆಗೆಯುವ ವಿದ್ಯೆಯೂ ಇಲ್ಲಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನೆಂಬುವನು ತನ್ನ ಕಾಯಕವನ್ನು ಹೆಸರಿನಲ್ಲಿಯೇ ಹೊತ್ತಿದ್ದಾನೆ. ಆ ಶರಣರು ನೆರೆದ ಕಲ್ಯಾಣವು ಇದೇ ಬೀದರ ಜಿಲ್ಲೆಯ ಬಸವಕಲ್ಯಾಣ. ಎತ್ತು ಸುತ್ತುವ ಮರದ ಗಾಣವು ನಿಧಾನವಾಗಿ ತಿರುಗುವುದರಿಂದ ಬೀಜ ಹೆಚ್ಚು ಬಿಸಿಯಾಗುವುದಿಲ್ಲ. ಎಣ್ಣೆಯ ಪರಿಮಳವೂ ಅದರಲ್ಲಿ ಕರಗಿರುವ ಸೂಕ್ಷ್ಮ ದ್ರವ್ಯಗಳೂ ಉಳಿಯುತ್ತವೆ. ಇಂದು ಅನೇಕ ಊರುಗಳಲ್ಲಿ ವಿದ್ಯುತ್ತಿನಿಂದ ತಿರುಗುವ ಮರದ ಗಾಣಗಳು ಮತ್ತೆ ಬಂದಿವೆ. ಸಾಧ್ಯವಾದವರು ತಮ್ಮ ಬೀಜವನ್ನು ತಾವೇ ಆರಿಸಿ, ಕೇರಿ, ಒಣಗಿಸಿ, ಕಣ್ಣೆದುರಿಗೆ ಆಡಿಸಿಕೊಂಡು ಬರುವುದು ಒಳ್ಳೆಯದು. ಇದು ಬರಿಯ ಹಳೆಯದರ ಮೋಹದಿಂದ ಹೇಳುವ ಮಾತಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆಯ ಎಣ್ಣೆಗೆ ಅರಿಷಿಣ ದತ್ತೂರಿಯ ಬೀಜದ ಎಣ್ಣೆ ಬೆರೆತು, ಅದನ್ನು ಉಂಡವರ ಕಾಲು ಬಾತು, ಹಲವರು ಪ್ರಾಣ ಬಿಟ್ಟರು. ಹಳದಿ ಹೂವಿನ, ಮುಳ್ಳೆಲೆಯ ಆ ಕಳೆಗಿಡವು ನಮ್ಮ ಹೊಲಗಳ ಬದುವಿನಲ್ಲಿಯೂ ಬೆಳೆಯುತ್ತದೆ. ಕಣ್ಣಿಗೆ ಕಂಡ ಬೀಜದ ಎಣ್ಣೆಗೂ ಕಾಣದ ಡಬ್ಬಿಯಿಂದ ಅಳೆದುಕೊಟ್ಟ ಎಣ್ಣೆಗೂ ವ್ಯತ್ಯಾಸವಿರುವುದು ಇಲ್ಲಿ.

ಇನ್ನು ಎಣ್ಣೆಯು ಮುಖಕ್ಕೆ ಏನು ಮಾಡುತ್ತದೆಂಬುದನ್ನು ನೋಡೋಣ. ಚರ್ಮದ ಅತಿ ಮೇಲಣ ಪದರವು ಒಂದು ಗೋಡೆಯ ಹಾಗೆ. ಸತ್ತು ಚಪ್ಪಟೆಯಾದ ಕಣಗಳು ಇಟ್ಟಿಗೆಗಳು. ಅವುಗಳ ನಡುವೆ ತುಂಬಿರುವ ಜಿಡ್ಡು ಗಾರೆ. ಗಾರೆ ಚೆನ್ನಾಗಿರುವವರೆಗೆ ಒಳಗಿನ ನೀರು ಹೊರಗೆ ಆರಿಹೋಗದು, ಹೊರಗಿನ ಧೂಳೂ ರೋಗಾಣುವೂ ಒಳಗೆ ನುಗ್ಗಲಾರವು. ಒಣಗಾಳಿ, ಕಾರದ ಸಾಬೂನು, ಬಹಳ ಬಿಸಿಯಾದ ನೀರು, ಇವು ಗಾರೆಯನ್ನು ಕೆಡಿಸುತ್ತವೆ. ಗಾರೆ ಉದುರಿದ ಗೋಡೆ ಬಿರಿಯುತ್ತದೆ. ಎಣ್ಣೆಯು ಆ ಬಿರುಕಿನ ಮೇಲೆ ತೆಳುವಾಗಿ ಹರಡಿ, ನೀರು ಆರಿಹೋಗುವುದನ್ನು ತಡೆಯುತ್ತದೆ. ಎಣ್ಣೆ ತಾನಾಗಿ ನೀರನ್ನು ಕೊಡುವುದಿಲ್ಲ. ಇರುವ ನೀರನ್ನು ಕಾಯುತ್ತದೆ. ಈ ಒಂದು ಮಾತನ್ನು ನೆನಪಿಟ್ಟರೆ ಹಚ್ಚುವ ಕ್ರಮವೆಲ್ಲ ತಾನಾಗಿ ತಿಳಿಯುತ್ತದೆ.

ಎಲ್ಲ ಎಣ್ಣೆಗಳೂ ಈ ಕೆಲಸಕ್ಕೆ ಸಮನಲ್ಲ. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ದಂಪತಿಗಳು ಇಲಿಗಳಿಗೆ ಜಿಡ್ಡಿಲ್ಲದ ಆಹಾರವನ್ನು ಕೊಟ್ಟು ನೋಡಿದರು. ಇಲಿಗಳ ಚರ್ಮ ಹೊಟ್ಟೆದ್ದು ಸುಲಿಯತೊಡಗಿತು. ಲಿನೋಲಿಯಿಕ್ ಆಮ್ಲವೆಂಬ ಜಿಡ್ಡಿನ ಅಂಶವು ಚರ್ಮಕ್ಕೆ ಅನಿವಾರ್ಯವೆಂದು ಇಂಥ ಪ್ರಯೋಗಗಳಿಂದ ತಿಳಿಯಿತು. ನಮ್ಮ ಸಾಧಾರಣ ಕುಸುಬೆಯ ಎಣ್ಣೆಯಲ್ಲಿ ನೂರಕ್ಕೆ ಸುಮಾರು 75 ಪಾಲು ಇರುವುದು ಇದೇ. ಇದೇ ಅಂಶ ಹೆಚ್ಚಾಗಿರುವ ಸೂರ್ಯಕಾಂತಿಯ ಎಣ್ಣೆಯನ್ನು ಬಾಂಗ್ಲಾದೇಶದ ಢಾಕಾ ನಗರದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ಮೈಗೆ ವೈದ್ಯರ ಕಣ್ಗಾವಲಿನಲ್ಲಿ ಹಚ್ಚಿ ನೋಡಿದರು. ಆಸ್ಪತ್ರೆಯಲ್ಲಿ ತಗಲುವ ಸೋಂಕು 41 ಪಾಲು ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ಇದಕ್ಕೆ ಪ್ರತಿಯಾಗಿ, ಬಹಳ ಹೆಸರುವಾಸಿಯಾದ ಆಲಿವ್ ಎಣ್ಣೆಯು ಚರ್ಮದ ಆ ಗಾರೆಯನ್ನು ಸಡಿಲಿಸುತ್ತದೆಂದು 2013ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದರು. ದೂರದಿಂದ ಬಂದುದೆಲ್ಲ ಮೇಲಲ್ಲ. ಹೊಲದ ಅಂಚಿನದೆಲ್ಲ ಕೀಳಲ್ಲ.

ಎಳ್ಳೆಣ್ಣೆಯಲ್ಲಿ ಈ ಅಂಶ ಕುಸುಬೆಯಷ್ಟಿಲ್ಲ, ನೂರಕ್ಕೆ 40ರ ಆಸುಪಾಸು. ಆದರೆ ಅದಕ್ಕೆ ಬೇರೊಂದು ಗುಣವುಂಟು. ಅದರಲ್ಲಿ ಸಹಜವಾಗಿಯೇ ಇರುವ ಕೆಲವು ದ್ರವ್ಯಗಳು ಎಣ್ಣೆ ಕಮಟಾಗುವುದನ್ನು ತಡೆಯುತ್ತವೆ. ಆಯುರ್ವೇದದವರು ತೈಲಗಳಿಗೆ ಎಳ್ಳೆಣ್ಣೆಯನ್ನೇ ಮೂಲವಾಗಿ ಆರಿಸಿದುದು ಅನುಭವದ ಮಾತು; 'ತೈಲ'ವೆಂಬ ಶಬ್ದವೇ 'ತಿಲ'ದಿಂದ ಬಂದುದು. ಅಗಸೆಯ ಎಣ್ಣೆ ಉಣ್ಣುವುದಕ್ಕೆ ಒಳ್ಳೆಯದು. ಆದರೆ ಗಾಳಿ ತಗಲಿದರೆ ಬೇಗ ಕೆಟ್ಟು ಅಂಟಾಗುತ್ತದೆ. ಬಣ್ಣ ಬಳಿಯುವವರಿಗೆ ಅದು ಪ್ರಿಯವಾದುದು ಆ ಗುಣದಿಂದಲೇ. ಬಾಗಿಲಿಗೆ ಒಳ್ಳೆಯದಾದುದು ಕೆನ್ನೆಗೆ ಒಳ್ಳೆಯದಾಗಬೇಕಿಲ್ಲ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿಗೆ ಕೆಳಗೆ ಹೆಪ್ಪುಗಟ್ಟುವುದರಿಂದ ನಮ್ಮ ಚಳಿಗಾಲದಲ್ಲಿ ತೊಡಕು; ಮೇಲಾಗಿ ಮೊಡವೆಯಿರುವ ಮುಖಕ್ಕೆ ಅದು ಹೊಂದುವುದಿಲ್ಲ. ಔಡಲೆಣ್ಣೆ ಬಹಳ ಮಂದ. ಒಡೆದ ತುಟಿಗೂ ಹಿಮ್ಮಡಿಗೂ ಅದನ್ನು ಇಟ್ಟುಕೊಳ್ಳಬಹುದು. ಆದುದರಿಂದ ನಾನು ಹೇಳುವ ಎಣ್ಣೆಗೆ ಎಳ್ಳು ಕುಸುಬೆ ಇವೆರಡೇ ಆಧಾರ.

ಮೊದಲನೆಯ ಕ್ರಮ ಅತಿ ಸುಲಭವಾದುದು. ಎಳ್ಳೆಣ್ಣೆ ಒಂದು ಪಾಲು, ಕುಸುಬೆಯೆಣ್ಣೆ ಒಂದು ಪಾಲು, ಎರಡನ್ನೂ ಒಣಗಿದ ಗಾಜಿನ ಸೀಸೆಯಲ್ಲಿ ಬೆರೆಸಿ. ಮುಗಿಯಿತು. ಇದಕ್ಕೆ ಬೇರೇನನ್ನೂ ಸೇರಿಸಲೇಬೇಕೆಂಬುದಿಲ್ಲ. ಸೂಕ್ಷ್ಮ ಚರ್ಮದವರಿಗೆ ಇದೇ ಉತ್ತಮ.

ಪರಿಮಳವೂ ಬೇಕೆನ್ನುವವರಿಗೆ ಎರಡನೆಯ ಕ್ರಮ. ಶಾರ್ಙ್ಗಧರ ಸಂಹಿತೆಯಲ್ಲಿ ತೈಲಪಾಕಕ್ಕೆ ಒಂದು ಅಳತೆ ಇದೆ: ಅರೆದ ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ದ್ರವ ಹದಿನಾರು ಪಾಲು. ಅದನ್ನೇ ಅನುಸರಿಸಿ, ನೂರು ಮಿಲಿಲೀಟರ್ ಹಿಡಿಯುವ ಬಟ್ಟಲೊಂದನ್ನು ಅಳತೆಗೆ ಇಟ್ಟುಕೊಳ್ಳಿ. ಮೊದಲು ಒಂದು ಹಿಡಿ ಲಾವಂಚದ ಬೇರನ್ನು ಮಣ್ಣು ಹೋಗುವಂತೆ ತೊಳೆದು, ಜಜ್ಜಿ, ಎಂಟು ಬಟ್ಟಲು ನೀರಿನಲ್ಲಿ ಹಾಕಿ ನಾಲ್ಕು ಬಟ್ಟಲಿಗೆ ಇಳಿಯುವವರೆಗೆ ಕುದಿಸಿ ಸೋಸಿಕೊಳ್ಳಿ. ಇದು ದ್ರವ. ಮತ್ತೆ ಕಾಲು ಬಟ್ಟಲಿನಷ್ಟು ಲಾವಂಚವನ್ನು ಒಂದು ಚಿಟಿಕೆ ಅರಿಷಿಣದೊಡನೆ ನೀರು ಚಿಮುಕಿಸಿ ನುಣ್ಣಗೆ ಅರೆಯಿರಿ. ಇದು ಕಲ್ಕ. ಅರಿಷಿಣವನ್ನು ಕೊಂಬಿನ ರೂಪದಲ್ಲಿ ತಂದು ಮನೆಯಲ್ಲಿ ಕುಟ್ಟಿಕೊಳ್ಳುವುದು ಮೇಲು. ಹೊಳೆಯುವ ಹಳದಿಗಾಗಿ ಪುಡಿಗೆ ಸೀಸದ ಬಣ್ಣವನ್ನು ಬೆರೆಸುವ ದುಷ್ಟತನವು ಬಾಂಗ್ಲಾದೇಶದಲ್ಲಿ 2019ರಲ್ಲಿ ಬಯಲಿಗೆ ಬಂದಿತು.

ಒಂದು ಬಟ್ಟಲು ಎಳ್ಳೆಣ್ಣೆ, ಆ ಕಲ್ಕ, ಆ ನಾಲ್ಕು ಬಟ್ಟಲು ಕಷಾಯ, ಮೂರನ್ನೂ ಒಂದು ಅಗಲವಾದ ಪಾತ್ರೆಯಲ್ಲಿ ಕೂಡಿಸಿ ಸಣ್ಣ ಉರಿಯ ಮೇಲೆ ಇಡಿ. ಪಾತ್ರೆ ಉಕ್ಕಿನದಾಗಲಿ ಕಲಾಯಿ ಮಾಡಿದ ಹಿತ್ತಾಳೆಯದಾಗಲಿ ಇರಲಿ. ಬರಿಯ ತಾಮ್ರವೂ ಕಬ್ಬಿಣವೂ ಎಣ್ಣೆ ಬೇಗ ಕೆಡುವಂತೆ ಮಾಡುತ್ತವೆ. ಆಗಾಗ ಮರದ ಸೌಟಿನಿಂದ ತಿರುವುತ್ತಿರಿ. ಇಲ್ಲಿ ಒಂದು ಸೊಗಸಾದ ತತ್ವವಿದೆ. ನೀರು ಉಳಿದಿರುವವರೆಗೆ ಪಾಕದ ಶಾಖವು ನೀರು ಕುದಿಯುವ ಮಟ್ಟವನ್ನು ಹೆಚ್ಚು ಮೀರಲಾರದು. ನೀರು ತಾನು ಆವಿಯಾಗುತ್ತ ಎಣ್ಣೆಯನ್ನು ಸುಡದಂತೆ ಕಾಯುತ್ತದೆ. ನೀರು ತೀರಿದ ಮರುಕ್ಷಣ ಶಾಖ ಮೇಲೇರತೊಡಗುತ್ತದೆ. ಆ ಕ್ಷಣವನ್ನು ಹಿಡಿಯುವುದೇ ಪಾಕದ ಜಾಣತನ. ಅದಕ್ಕೆ ಹಿರಿಯರು ಹೇಳಿರುವ ಗುರುತುಗಳು ಮೂರು: ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಅಂಟದೆ ಬತ್ತಿಯಾಗಬೇಕು; ಎಣ್ಣೆಯ ಮೇಲೆ ನೊರೆ ಏಳಬೇಕು; ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಚಟ ಎನ್ನದೆ ಉರಿಯಬೇಕು. ಚಟಗುಟ್ಟಿದರೆ ನೀರು ಇನ್ನೂ ಉಳಿದಿದೆ ಎಂದು ಅರ್ಥ. ನೀರುಳಿದ ಎಣ್ಣೆಯಲ್ಲಿ ಬೂಷ್ಟು ಹುಟ್ಟುತ್ತದೆ, ಕಮಟೂ ಬೇಗ ಬರುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದವರು ಕಿವಿಯಿಂದಲೇ ಕಂಡುಕೊಂಡ ಈ ಪರೀಕ್ಷೆ ಇಂದಿಗೂ ಸುಳ್ಳಾಗಿಲ್ಲ.

ಇಳಿಸಿದ ಎಣ್ಣೆಯನ್ನು ಬೆಚ್ಚಗಿರುವಾಗಲೇ ಒಣಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಲು ಬಿಡಿ. ಆರಿದ ಬಳಿಕ ಮಾತ್ರ ಅದಕ್ಕೆ ಸಮನಾಗಿ ಕುಸುಬೆಯೆಣ್ಣೆಯನ್ನು ಬೆರೆಸಿ. ಕುಸುಬೆಯನ್ನು ಒಲೆಗೆ ಏರಿಸಬಾರದು. ಎಳ್ಳೆಣ್ಣೆಗಿರುವ ತಾಳಿಕೆ ಅದಕ್ಕಿಲ್ಲ. ಕಪ್ಪು ಅಥವಾ ಕಂದು ಬಣ್ಣದ ಚಿಕ್ಕ ಸೀಸೆಗಳನ್ನು ಬಿಸಿನೀರಿನಲ್ಲಿ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒಣಗಿಸಿ, ಕೊರಳಿನವರೆಗೆ ತುಂಬಿ ತಂಪಾದ ಕತ್ತಲೆಯ ಮೂಲೆಯಲ್ಲಿಡಿ. ಎರಡು ಮೂರು ತಿಂಗಳಿಗೆ ಸಾಕಾಗುವಷ್ಟನ್ನೇ ಮಾಡಿಕೊಳ್ಳಿ. ಕಮಟು ವಾಸನೆ ಬಂದ ದಿನ ಮುಖಕ್ಕೆ ಹಚ್ಚುವುದನ್ನು ನಿಲ್ಲಿಸಿ. ಸೀಸೆಯಲ್ಲಿರುವ ಎಣ್ಣೆ ಅಗ್ಗ, ಮುಖದ ಮೇಲಿರುವ ಚರ್ಮ ತುಟ್ಟಿ.

ಸೇರಿಸಬಾರದುದನ್ನೂ ಹೇಳಿಬಿಡುತ್ತೇನೆ. ನಿಂಬೆಯ ರಸವನ್ನು ಎಂದಿಗೂ ಸೇರಿಸಬೇಡಿ. ಅದು ಎಣ್ಣೆಯಲ್ಲಿ ಕರಗುವುದೂ ಇಲ್ಲ; ನಿಂಬೆಯ ಜಾತಿಯ ಹಣ್ಣಿನ ರಸ ಸಿಪ್ಪೆಗಳು ತಗಲಿದ ಚರ್ಮವು ಬಿಸಿಲಿಗೆ ಬಿದ್ದರೆ ಬೊಬ್ಬೆಯೆದ್ದು ಕಪ್ಪು ಕಲೆ ನಿಲ್ಲುವುದುಂಟು. ಹಸಿ ಲೋಳೆಸರ, ಹಸಿ ಎಲೆ, ಹಸಿ ಹೂವು, ಇವುಗಳನ್ನು ಪಾಕ ಮಾಡದೆ ಸೀಸೆಯಲ್ಲಿ ಮುಳುಗಿಸಿಡಬೇಡಿ; ಅವುಗಳ ನೀರೇ ಎಣ್ಣೆಗೆ ಶತ್ರು. ಬೇವಿನೆಣ್ಣೆಯನ್ನು ಮುಖಕ್ಕೆ ಬಳಸದಿರುವುದು ಕ್ಷೇಮ, ಮಕ್ಕಳ ಹೊಟ್ಟೆಗಂತೂ ಅದು ಸೇರಲೇಬಾರದು.

ಹಚ್ಚುವ ಕ್ರಮ ಹೀಗೆ. ಮೊದಲು ಮೊಳಕೈಯ ಒಳಮಗ್ಗುಲಿಗೆ ನಾಲ್ಕಾರು ದಿನ ಹಚ್ಚಿ ನೋಡಿ. ಕೆಂಪಾಗಲಿ ತುರಿಕೆಯಾಗಲಿ ಬಂದರೆ ಬಿಟ್ಟುಬಿಡಿ; ಎಳ್ಳು ಒಗ್ಗದ ಮೈಗಳೂ ಉಂಟು. ರಾತ್ರಿ ಉಗುರುಬೆಚ್ಚನೆಯ ನೀರಿನಿಂದ, ಬೇಕಾದರೆ ಸ್ವಲ್ಪ ಹೆಸರುಹಿಟ್ಟಿನಿಂದ, ಮುಖ ತೊಳೆಯಿರಿ. ಒರೆಸುವಾಗ ತೇವವನ್ನು ಪೂರ್ತಿ ತೆಗೆಯಬೇಡಿ. ಆ ತೇವದ ಮೇಲೆಯೇ ಮೂರು ನಾಲ್ಕು ಹನಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಮೃದುವಾಗಿ ಒತ್ತಿರಿ. ಎಣ್ಣೆ ನೀರನ್ನು ಕಾಯುತ್ತದೆಂದು ಮೊದಲೇ ಹೇಳಿದೆನಲ್ಲವೆ? ನೀರಿಲ್ಲದಲ್ಲಿ ಅದು ಕಾಯುವುದಾದರೂ ಏನನ್ನು? ಹನಿ ಹೆಚ್ಚಾದರೆ ಗುಣ ಹೆಚ್ಚಾಗದು. ದಿಂಬಿಗೆ ಜಿಡ್ಡು ಹತ್ತುವುದಷ್ಟೆ. ಮೊಡವೆ ಎದ್ದವರೂ, ಹುಬ್ಬು ಮೂಗುಗಳ ಬದಿಯಲ್ಲಿ ಹೊಟ್ಟು ಏಳುವವರೂ ಇದನ್ನು ಹಚ್ಚದಿರುವುದು ಲೇಸು. ಇಸುಬು, ಗಾಯ, ಕೀವು ಇದ್ದರೆ ವೈದ್ಯರ ಹತ್ತಿರ ಹೋಗಬೇಕು. ಎಣ್ಣೆಯು ಬಿಸಿಲನ್ನು ತಡೆಯುವುದಿಲ್ಲವೆಂಬುದೂ ನೆನಪಿರಲಿ. ಹೊಲದ ಬಿಸಿಲಿಗೆ ತಲೆಯ ಮೇಲಣ ಸೆರಗು, ರುಮಾಲುಗಳೇ ಎಣ್ಣೆಗಿಂತ ದೊಡ್ಡ ಕಾಪು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಈ ಎಣ್ಣೆಯಿಂದ ಮುಖ ಬೆಳ್ಳಗಾಗುವುದೇ? ಉತ್ತರ, ಆಗುವುದಿಲ್ಲ. ಯಾವ ಎಣ್ಣೆಯಿಂದಲೂ ಆಗುವುದಿಲ್ಲ. ಆಗುತ್ತದೆಂದು ಹೇಳುವವರು ಒಂದೋ ತಿಳಿಯದವರು, ಇಲ್ಲವೇ ಮಾರುವವರು. ಮೈಬಣ್ಣವು ಚರ್ಮದ ಒಳಗೆ ಹುಟ್ಟುವ ವರ್ಣದ್ರವ್ಯದಿಂದ ಬಂದುದು. ಬಿಸಿಲಿನ ಕೇಡಿನಿಂದ ಕಾಪಾಡಲು ಪ್ರಕೃತಿಯೇ ಹೊದಿಸಿದ ಹೊದಿಕೆ ಅದು. ಆದರೂ ಮದುವೆಯ ಮಾತು ಬಂದ ಮನೆಗಳಲ್ಲಿ ಹುಡುಗಿಯ ಓದನ್ನೂ ನಡೆಯನ್ನೂ ಬಿಟ್ಟು ಬಣ್ಣವನ್ನು ಕೇಳುತ್ತಾರೆ. ಆ ಮಾತು ಕೇಳಿ ಕುಗ್ಗಿದ ಮಗುವು ಹೆಸರಿಲ್ಲದ ಮುಲಾಮಿನ ಡಬ್ಬಿಯನ್ನು ಗುಟ್ಟಾಗಿ ತರಿಸಿಕೊಳ್ಳುತ್ತದೆ. ಅಂಥ ಕೆಲವು ಡಬ್ಬಿಗಳಲ್ಲಿ ಪಾರಜವಿರುತ್ತದೆ. ಅದು ಬಣ್ಣವನ್ನು ಕೆಲವು ಕಾಲ ತಿಳಿಯಾಗಿಸುವುದು ನಿಜ. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡಗಳನ್ನು ಕೆಡಿಸುವುದೂ ಅಷ್ಟೇ ನಿಜ. 2021ರಿಂದ 2023ರ ಅವಧಿಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರಪಿಂಡದ ರೋಗಿಗಳಲ್ಲಿ ಇದನ್ನು ಕಂಡು ಪ್ರಕಟಿಸಿದರು. ತಾಯಂದಿರೆ, ಮನೆಯಲ್ಲಿ ಅಂಥ ಡಬ್ಬಿ ಕಂಡರೆ ಮಗಳನ್ನು ಗದರಿಸಬೇಡಿ. ಬಣ್ಣದ ಮಾತು ಆಡಿದವರಿಗೆ ಉತ್ತರ ಹೇಳಿ. ಡಬ್ಬಿಯನ್ನು ವೈದ್ಯರಿಗೆ ತೋರಿಸಿ.

ಕಪ್ಪಿನ ಬೆಲೆಯನ್ನು ಬೀದರದವರಿಗೆ ಬೇರೆಯವರು ಹೇಳಿಕೊಡಬೇಕೆ? ಈ ಪಟ್ಟಣದ ಹೆಸರನ್ನು ದೇಶದೇಶಾಂತರಗಳಿಗೆ ಒಯ್ದುದು ಬಿದರಿಯ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿಯ ಎಳೆಗಳನ್ನು ಕೂರಿಸಿದ ಮೇಲೆ, ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಪಾತ್ರೆಗೆ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕಟ್ಟಕಡೆಗೆ ಕುಶಲಿಯು ಎಣ್ಣೆ ಸವರಿ ತಿಕ್ಕುತ್ತಾನೆ. ಆ ಎಣ್ಣೆ ಬಿದ್ದೊಡನೆ ಕಪ್ಪು ಮತ್ತಷ್ಟು ಗಾಢವಾಗಿ ಮಿನುಗುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಕುಶಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಕಪ್ಪನ್ನು ಬೆಳಗಿಸಿ ಲೋಕದ ಮೆಚ್ಚಿಕೆ ಪಡೆದ ಊರಿನಲ್ಲಿ ಕಪ್ಪು ಮುಖದ ಹುಡುಗಿ ತಲೆ ತಗ್ಗಿಸಬೇಕಾಗಿ ಬರುವುದು ನ್ಯಾಯವಲ್ಲ.

ಮುಖದ ಎಣ್ಣೆಯ ಕೆಲಸವೂ ಆ ಕುಶಲಿಯ ಎಣ್ಣೆಯ ಕೆಲಸದಂತೆಯೇ. ಇದ್ದ ಬಣ್ಣವನ್ನು ಅಳಿಸಿ ಬೇರೊಂದನ್ನು ಬಳಿಯುವುದು ಅದರ ಧರ್ಮವಲ್ಲ. ಇದ್ದುದನ್ನು ಕಾಪಾಡಿ ಕಳೆಗೊಡುವುದು ಅದರ ಧರ್ಮ. ಭಾಲ್ಕಿಯ ಎರೆಹೊಲದ ಕುಸುಬೆ, ಔರಾದದ ಎಳ್ಳು, ಒಂದು ಚಿಕ್ಕ ಸೀಸೆ, ಒಂದು ಮಧ್ಯಾಹ್ನದ ತಾಳ್ಮೆ, ಇಷ್ಟಿದ್ದರೆ ಒಂದು ಸಂಸಾರದ ಚಳಿಗಾಲ ಕಳೆಯುತ್ತದೆ. ಬರುವ ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭಜ್ಜಿ ಅಂಬಲಿಗಳನ್ನು ಉಂಡು ಹಿಂದಿರುಗುವಾಗ, ಅಂಚಿನಲ್ಲಿ ನಿಂತ ಆ ಮುಳ್ಳುಗಿಡದ ಕಡೆಗೆ ಒಮ್ಮೆ ನೋಡಿ. ಮುಂದಿನ ವರ್ಷ ಇನ್ನೆರಡು ಸಾಲು ಬಿತ್ತಬೇಕೆಂದು ತೋರಿದರೆ ಈ ಭಾಷಣ ಸಾರ್ಥಕವಾಯಿತು.